ಮಧ್ವೇಶನ ಹಾಜರಿ

ಮಧ್ವೇಶನ ಹೆಸರಿಗೆ ‘ಯ… ಯೆಸ್ ಮ್ಯಾಡಮ್’ ಎಂದು ತಾನೇ ಓಗೊಟ್ಟ ಮೇಲೆ ಸಿದ್ದಾರೂಢ ತಲೆಯೆತ್ತಿ ನೋಡಿದ. ಮುಂದಿನ ಬೆಂಚಿನಲ್ಲಿ, ಕಿಟಕಿಯ ಪಕ್ಕ, ಮಧ್ವೇಶನ ಬೆನ್ನು ಇರಬೇಕಾದ ಕಡೆ ಬಿಸಿಲು ಕೂತಿತ್ತು. ದೀಪಾಲಿ ಮ್ಯಾಡಮ್ ಆಗಲೇ ಮುಂದಿನ ಹೆಸರಿಗೆ ಹೋಗಿದ್ದರು. ಅವರು ಹಾಜರಿ ಕರೆಯುವಾಗ ಯಾರ ಮುಖವನ್ನೂ ನೋಡುವುದಿಲ್ಲ, ಫೋನಿನ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಹಸಿರು ಒತ್ತಿದರೆ ಹಾಜರು, ಕೆಂಪು ಒತ್ತಿದರೆ ಗೈರು. ಒತ್ತಿದ ಕೂಡಲೇ ಹುಡುಗರ ಮನೆಗೆ ಸಂದೇಶ ಹೋಗುತ್ತದೆ. ಕೋಥರೂಡದ ಒಂದು ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ, ಮಧ್ವೇಶನ ತಾಯಿ ಇಂದೂ ಕಾಕು ಚಹಾದ ಡಬ್ಬಿಗೆ ಒರಗಿಸಿಟ್ಟ ಫೋನು ಈಗ ಟಿಂಗ್ ಎಂದಿರಬೇಕು. ನಿಮ್ಮ ಮಗ ತರಗತಿಯಲ್ಲಿ ಹಾಜರಿದ್ದಾನೆ. ಸಿನಿಮಾ ಆಗಿದ್ದರೆ ಇಲ್ಲಿ ಕ್ಯಾಮೆರಾ ಖಾಲಿ ಬೆಂಚಿನ ಮೇಲೆ ನಿಲ್ಲುತ್ತಿತ್ತು, ಹಿಂದೆಲ್ಲೋ ಒಂದು ವಯೊಲಿನ್ ಅಳತೊಡಗುತ್ತಿತ್ತು. ಕ್ಲಾಸಿನಲ್ಲಿ ಬರೀ ಫ್ಯಾನಿನ ಕಿರಕಿರ. ತಡವಾಗಿ ಬಂದಾನು, ಎಂದುಕೊಂಡ ಸಿದ್ದಾರೂಢ. ಬಸ್ಸು ಸಿಕ್ಕಿರಲಿಕ್ಕಿಲ್ಲ. ಆದರೆ ಮಧ್ವೇಶ ಇಲ್ಲಿಯವರೆಗೆ ಒಮ್ಮೆಯೂ ತಡವಾಗಿ ಬಂದವನಲ್ಲ. ತಡವಾಗಿ ಬಂದರೆ ಬಾಗಿಲಲ್ಲಿ ನಿಂತು ‘ಒಳಗೆ ಬರಲೇ’ ಎಂದು ಕೇಳಬೇಕಾಗುತ್ತದೆಂದು ಎಲ್ಲರಿಗಿಂತ ಮೊದಲೇ ಬಂದು ಕೂರುವ ಪ್ರಾಣಿ ಅದು.

ಶುರುವಾದದ್ದು ಉಪಕಾರದಿಂದಲೇ. ಕಾಲೇಜಿನ ಮೊದಲ ವಾರ ಮ್ಯಾಡಮ್ ಹೆಸರು ಕರೆದಾಗ ಮಧ್ವೇಶ ಎದ್ದು ನಿಂತಿದ್ದ, ಬಾಯಿ ತೆರೆದಿದ್ದ. ‘ಯ’ ಅಷ್ಟೇ, ಗಂಟಲ ಬಾಗಿಲಿಗೆ ಬಂದು ಸಿಕ್ಕಿಕೊಂಡಿತು. ಕತ್ತಿನ ನರ ಹಗ್ಗದ ಹಾಗೆ ಉಬ್ಬಿತು. ನೂರಾರು ಹುಡುಗರ ಕ್ಲಾಸಿನಲ್ಲಿ ಒಂದು ‘ಯ’ಗಾಗಿ ಕಾಯಲು ಯಾರಿಗೆ ಪುರಸೊತ್ತು? ಮ್ಯಾಡಮ್ ಕೆಂಪು ಒತ್ತಿ ಮುಂದೆ ಹೋದರು. ಮನೆಯಿಂದ ಹೊರಟ ಮಗ ಕಾಲೇಜಿಗೇ ಬಂದಿಲ್ಲವೆಂದು ತಿಳಿದ ತಾಯಿ ಗಾಬರಿಯಿಂದ ಫೋನಿನ ಮೇಲೆ ಫೋನು ಹಚ್ಚಿದ್ದಳು. ಹಿಂದಿನ ಬೆಂಚಿನಿಂದ ಸಿದ್ದಾರೂಢ, ‘ಏ, ನೀ ಕನ್ನಡದಾಂವೇನಲೇ?’ ಎಂದು ಬಗ್ಗಿ ಕೇಳಿದ್ದು ಆ ಫೋನಿನೊಳಗಿಂದ ತಾಯಿಯ ಗಾಬರಿಯ ಕನ್ನಡ ಕಿವಿಗೆ ಬಿದ್ದಾಗ. ಮರುದಿನ ಮಧ್ವೇಶ ಏಳುವ ಮೊದಲೇ ಅವನ ಬದಲು ಇವನೇ ಓಗೊಟ್ಟ. ಮಧ್ವೇಶ ತಿರುಗಿ ನೋಡಲಿಲ್ಲ. ಬೆಂಚಿನ ಕೆಳಗಿಂದ ಕೈ ಹಿಂದೆ ಚಾಚಿ ಇವನ ಮೊಣಕಾಲನ್ನು ಒಮ್ಮೆ ಒತ್ತಿದ. ಅದೇ ಒಪ್ಪಿಗೆ, ಅದೇ ಕರಾರು. ಬರೀ ‘ಯೆಸ್ ಮ್ಯಾಡಮ್’ ಅಂದಿದ್ದರೆ ಸಾಕಿತ್ತು. ಅದಕ್ಕೆ ಮುಂದೊಂದು ಸಣ್ಣ ‘ಯ’ ಸೇರಿಸಿದ್ದು ಯಾಕೆ? ಗುರುತಿಗೆ, ತನ್ನ ದನಿ ಬೇರೆ ಅವನ ದನಿ ಬೇರೆ ಅನ್ನಿಸಲಿ ಎಂದು, ಅಂತ ಸಿದ್ದಾರೂಢ ತನಗೆ ತಾನೇ ಹೇಳಿಕೊಂಡಿದ್ದ. ಆದರೆ ಆ ‘ಯ’ ಕೇಳಿ ಹಿಂದಿನ ಸಾಲು ಕಿಸಕ್ಕೆಂದಿತ್ತು. ಪಕ್ಕದ ಅಮೇಯ ಬೆನ್ನಿಗೊಂದು ಗುದ್ದು ಕೊಟ್ಟು ‘ಏಕ್ ನಂಬರ್!’ ಅಂದಿದ್ದ. ಅವತ್ತಿನಿಂದ ‘ಯ’ ಕಾಯಂ ಆಯಿತು. ಮಧ್ವೇಶ ಮುಂದೆ ಕೂತಿರುತ್ತಿದ್ದ, ಅವನ ದನಿ ಹಿಂದಿನಿಂದ ಬರುತ್ತಿತ್ತು, ಡಬ್ಬಿಂಗ್ ಮಾಡಿದ ಪಿಕ್ಚರಿನ ಹೀರೋನ ಹಾಗೆ. ಈ ಕಾಲೇಜಿನಲ್ಲಿ ಮಧ್ವೇಶನ ನಿಜವಾದ ದನಿ ಕೇಳಿದವರು ಎಷ್ಟು ಜನರಿದ್ದಾರು? ತನ್ನನ್ನು ಬಿಟ್ಟರೆ ಒಬ್ಬರೂ ಇಲ್ಲವೇನೋ ಎಂಬುದು ಅವನಿಗೆ ಇವತ್ತೇ, ಈ ಬಿಸಿಲು ಕೂತ ಬೆಂಚನ್ನು ನೋಡುತ್ತಲೇ, ಮೊದಲ ಸಲ ಹೊಳೆಯಿತು.

ಮ್ಯಾಡಮ್ ಬೋರ್ಡಿನ ಮೇಲೆ ಒಂದು ಬಸ್ಸು ಬರೆದರು, ಅದರೊಳಗೊಂದು ಕಡ್ಡಿ ಮನುಷ್ಯ. ಡ್ರೈವರ್ ಗಕ್ಕನೆ ಬ್ರೇಕ್ ಒತ್ತುತ್ತಾನೆ, ನೀವು ಮುಂದೆ ಮುಗ್ಗರಿಸುತ್ತೀರಿ. ಯಾರು ತಳ್ಳಿದರು? ಯಾರೂ ಇಲ್ಲ. ಆದರೂ ತಳ್ಳಿದ ಹಾಗಾಯಿತಲ್ಲ? ಬಸ್ಸಿನೊಳಗೆ ಕೂತು ಲೆಕ್ಕ ಹಾಕುವವನಿಗೆ ಮಾತ್ರ ಬೇಕಾಗುವ ಬಲ ಅದು. ಹುಸಿಬಲ. ಬಸ್ಸಿನ ಹೊರಗೆ, ರಸ್ತೆಯ ಬದಿ ನಿಂತವನಿಗೆ ಅದರ ಅಗತ್ಯವೇ ಇಲ್ಲ, ನಡೆದದ್ದೇನೆಂದು ಅವನಿಗೆ ನಿಚ್ಚಳವಾಗಿ ಕಾಣುತ್ತದೆ. ಸಿದ್ದಾರೂಢನಿಗೆ ಮೊದಲು ಸಮಾಧಾನವಾಯಿತು. ಯಾರೂ ತಳ್ಳಿಲ್ಲ. ನಿನ್ನೆ ಮಧ್ವೇಶನನ್ನು ಯಾರೂ ತಳ್ಳಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ, ನಗು ಕ್ಲಾಸಿಗೆ ಕ್ಲಾಸೇ ಬ್ರೇಕ್ ಹಾಕಿದ ಹಾಗೆ ಬಂದದ್ದು. ಮರುಕ್ಷಣವೇ ರಸ್ತೆಯ ಬದಿ ಯಾರೋ ನಿಂತಿದ್ದಾರೆ ಅನ್ನಿಸಿತು. ಯಾರೆಂದು ಗೊತ್ತಾಗಲಿಲ್ಲ. ಹೆಗಲಿಗೆ ಚೀಲ ಹಾಕಿಕೊಂಡು, ಬಾಯಿ ಸ್ವಲ್ಪ ತೆರೆದು, ಬಸ್ಸು ಹೋಗುವುದನ್ನೇ ನೋಡುತ್ತ.

‘ಕಾಯ್ ರೇ ಹೀರೋ, ಇವತ್ತು ಸಪ್ಪಗಿದ್ದೀ?’ ಕ್ಲಾಸು ಬಿಟ್ಟ ಮೇಲೆ ಕಾರಿಡಾರಿನಲ್ಲಿ ಅಮೇಯ ಮರಾಠಿಯಲ್ಲಿ ಕೆಣಕಿದ. ‘ನಿನ್ನೆಯ ಶೋ ಹೌಸ್‌ಫುಲ್, ಇವತ್ತು ಸೂತಕವೇನು?’

‘ಮಧ್ವೇಶ ಬಂದಿಲ್ಲ.’

‘ಬಂದಿದ್ದನಲ್ಲ, ನಾನೇ ಕೇಳಿದೆ. ಯ… ಯೆಸ್ ಮ್ಯಾಡಮ್!’ ಅಮೇಯ ತನ್ನ ಹಾಸ್ಯಕ್ಕೆ ತಾನೇ ಬಗ್ಗಿ ನಕ್ಕ. ಅವನ ‘ಯ’ ಚೆನ್ನಾಗಿರಲಿಲ್ಲ, ಕೆಲಸ ಬಾರದವನ ಕೈಯಲ್ಲಿ ಸಿಕ್ಕ ಸಾಮಾನಿನ ಹಾಗೆ ಒರಟಾಗಿತ್ತು. ಸಿದ್ದಾರೂಢನಿಗೆ ಒಂದು ಗಳಿಗೆ ಕಸುಬಿನ ಸಿಟ್ಟು ಬಂತು, ಹೀಗಲ್ಲ ಹೀಗೆ ಎಂದು ತಿದ್ದುವಷ್ಟು. ಆ ಸಿಟ್ಟಿಗೆ ತಾನೇ ಬೆಚ್ಚಿದ.

ಅವನ ಬಾಯೊಳಗೆ ಊರು ತುಂಬ ಜನರಿದ್ದರು. ಖಡಕಿಯ ಶಾಲೆಯಲ್ಲಿ ಮೊದಲ ಸಲ ಮರಾಠಿ ಮಾತಾಡಿದಾಗ ಹುಡುಗರು ‘ಅಣ್ಣಾ, ಇಡ್ಲಿ!’ ಎಂದು ಕೂಗಿದ್ದರು. ಇಡ್ಲಿ ಕಂಡರೆ ‘ಜ್ವರ ಬಂದವರ ಊಟ’ ಎಂದು ಮೂಗು ಮುರಿದು ರೊಟ್ಟಿ ಬಡಿಯುವ ಬಸವಣ್ಣೆವ್ವನ ಮಗನಿಗೆ ಅದು ದಕ್ಷಿಣದವರನ್ನೆಲ್ಲ ಹೀಯಾಳಿಸುವ ಮಾತೆಂದು ಮೊದಲು ತಿಳಿದಿರಲೇ ಇಲ್ಲ. ತಿಳಿದ ದಿನದಿಂದ ಅವನು ಅವರಂತೆಯೇ ಮಾತಾಡಿದ, ಅವರಿಗಿಂತ ಚೆನ್ನಾಗಿ ಮಾತಾಡಿದ. ಪಿ.ಟಿ. ಮಾಸ್ತರ, ಬಸ್ ಕಂಡಕ್ಟರ್, ಗಣಪತಿ ಮಂಡಳದ ಮೈಕಿನವ, ಕಾರ್ಖಾನೆಯಿಂದ ದಣಿದು ಬಂದು ಬೂಟು ಬಿಚ್ಚುವ ಅಪ್ಪ ಹೊಳಬಸಪ್ಪ, ಎಲ್ಲರೂ ಅವನ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತರು. ಊರಿನಿಂದ ಬಂದ ಸೋದರಮಾವ ಮಾಂತು, ‘ಎಲ್ಲಾರ ದನಿ ತಗದಿ, ಈಗ ನಿಂದ ತಗಿ ನೋಡೂಣು’ ಅಂದಿದ್ದ. ಮನೆಮಂದಿಯೆಲ್ಲ ಕಾದು ಕೂತರು. ಸಿದ್ದಾರೂಢ ಬಾಯಿ ತೆರೆದ. ಏನು ಅನ್ನಬೇಕೆಂದು ತೋಚದೆ, ಯಾವುದೋ ವಿಲನ್ನಿನ ಹಾಗೆ ಗಹಗಹಿಸಿ ನಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನಕ್ಕೆ ಮುಂಚಿನ ಕ್ಲಾಸು ರಾಜ್ಯಶಾಸ್ತ್ರದ್ದು. ವಿಜ್ಞಾನದ ಹುಡುಗರೂ ಕಲಾ ವಿಭಾಗದ ಒಂದು ವಿಷಯ ಓದಲೇಬೇಕೆಂಬ ನಿಯಮ ಬಂದ ಮೇಲೆ, ಜಗದಾಳೆ ಸರ್ ಧಾರಾಳವಾಗಿ ಮಾರ್ಕು ಹಾಕುತ್ತಾರೆಂದು ಫಿಸಿಕ್ಸಿನ ದಂಡು ದಂಡೇ ಅಲ್ಲಿ ಸೇರಿಕೊಂಡಿತ್ತು. ಮಧ್ವೇಶ ಒಬ್ಬನೇ ಮನಸ್ಸಿಟ್ಟು ಬಂದವನು. ‘ಅ… ಅಲ್ಲೆ ಮಾತಾಡ್ಲಿಕ್ಕೆ ಕಲಸ್ತಾರಂತ’ ಎಂದಿದ್ದ, ನೆಲ ನೋಡುತ್ತ. ಪ್ರತಿಯೊಬ್ಬರೂ ಒಂದೊಂದು ಪರಿಕಲ್ಪನೆಯ ಮೇಲೆ ಐದು ನಿಮಿಷ ಮಾತಾಡಬೇಕು, ಅದಕ್ಕೆ ಮಾರ್ಕು. ಮಧ್ವೇಶ ತಾನಾಗಿಯೇ ಆರಿಸಿಕೊಂಡದ್ದು ಪ್ರಾತಿನಿಧ್ಯ. ಮೊನ್ನೆ ಬಸ್‌ಸ್ಟಾಪಿನಲ್ಲಿ ಅವನು ಸಿದ್ದಾರೂಢನ ತೋಳು ಹಿಡಿದು ನಿಲ್ಲಿಸಿ, ಒಂದು ಬಸ್ಸು ಬಂದು ಹೋಗುವಷ್ಟು ಹೊತ್ತು ತೆಗೆದುಕೊಂಡು ಹೇಳಿದ್ದು ಇಷ್ಟೇ. ‘ನಾ… ನಾಳೆ ನಾನs ಮಾತಾಡ್ತೀನಿ. ಎ… ಎಷ್ಟೊತ್ತಾದ್ರೂ ಆಗ್ಲಿ. ನೀ ಸು… ಸುಮ್ಮ ಕೂಡು.’ ಸಿದ್ದಾರೂಢ ಎದೆಗೆ ಕೈಯಿಟ್ಟು, ‘ಕೊಟ್ಟ ಮಾತಿಗೆ ತಪ್ಪಿದರೆ ಈ ಸಿದ್ದ ಸಿದ್ದನೇ ಅಲ್ಲ’ ಎಂದು ಪಿಕ್ಚರಿನ ಅಣ್ಣನ ಹಾಗೆ ಗುಡುಗಿದ್ದ. ಮಧ್ವೇಶ ನಕ್ಕಿದ್ದ. ಆಮೇಲೆ, ಇನ್ನೂ ಒಂದು ಬಸ್ಸು ಹೋದ ಮೇಲೆ, ತಾನು ದಿನಾ ಸಂಜೆ ಸ್ವಾರಗೇಟ ಬಸ್ ಸ್ಟ್ಯಾಂಡಿಗೆ ಹೋಗಿ ಮಾತು ಪ್ರಾಕ್ಟೀಸ್ ಮಾಡುವುದಾಗಿ ಹೇಳಿದ್ದ. ಅಲ್ಲಿ ಎಲ್ಲರೂ ಒದರುತ್ತಾರೆ, ತಾನು ಒದರಿದರೆ ಯಾರೂ ತಿರುಗಿ ನೋಡುವುದಿಲ್ಲ.

ನಿನ್ನೆ ಇದೇ ಕ್ಲಾಸಿನಲ್ಲಿ ಅವನು ಎದ್ದು ಮುಂದೆ ಹೋಗಿ ನಿಂತಾಗ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ಮೊದಲ ಶಬ್ದವೇ ಬರಲಿಲ್ಲ. ಒಂದು ಸದ್ದು ಗಂಟಲಲ್ಲಿ ಮೇಲೆ ಕೆಳಗೆ ಆಡಿತು. ಕ್ಲಾಸು ಮೊದಲು ಸುಮ್ಮನಿತ್ತು, ಆಮೇಲೆ ಬೆಂಚುಗಳು ಕಿರುಗುಟ್ಟಿದವು, ಯಾರೋ ಕೆಮ್ಮಿದರು, ಜಗದಾಳೆ ಸರ್ ಗಡಿಯಾರ ನೋಡಿದರು. ಆ ಮೌನ ಉಬ್ಬುತ್ತ ಉಬ್ಬುತ್ತ ಹೋಯಿತು. ಜನರನ್ನು ನಗಿಸಲು ತಾನದನ್ನು ಮಾಡಲಿಲ್ಲ ಎಂದು ಸಿದ್ದಾರೂಢ ಯಾರ ಮುಂದೆ ಬೇಕಾದರೂ ಆಣೆ ಮಾಡಬಲ್ಲ. ಆ ಮೌನವನ್ನು ತಡೆದುಕೊಳ್ಳುವುದು ಅವನಿಂದಾಗಲಿಲ್ಲ, ಅಷ್ಟೇ. ಹಿಂದಿನ ಬೆಂಚಿನಿಂದ, ಬಾಯಿಗೆ ಕೈ ಅಡ್ಡ ಹಿಡಿದು, ಎಲ್ಲರಿಗೂ ಪರಿಚಯವಿದ್ದ ಮಧ್ವೇಶನ ದನಿಯಲ್ಲಿ ಅವನು ಹಿಂದಿ ಡೈಲಾಗು ಬಿಟ್ಟ. ‘ಹೀ… ಹೀರೋ ದೇರ್ ಸೇ ಆತಾ ಹೈ ಸರ್, ಪರ್ ಇಂಟರ್ವಲ್ ಸೇ ಪೆಹಲೇ ಆತಾ ಹೈ!’ ಹೀರೋ ತಡವಾಗಿ ಬಂದರೂ ಇಂಟರ್ವಲ್ಲಿಗೆ ಮೊದಲು ಬಂದೇ ಬರುತ್ತಾನೆ. ಸೀಟಿ, ಬೆಂಚು ಬಡಿತ. ಜಗದಾಳೆ ಸರ್ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಅವರು ಕೆಟ್ಟವರಲ್ಲ. ಮಧ್ವೇಶನ ಭುಜ ತಟ್ಟಿ, ‘ಬಸ್ ಬಾಳಾ, ಬಸ್’ ಎಂದು ಕೂರಲು ಹೇಳಿ, ಪೂರ್ತಿ ಮಾರ್ಕು ಹಾಕಿದ್ದೇನೆಂದು ಎಲ್ಲರಿಗೂ ಕೇಳುವಂತೆ ಸಾರಿದರು. ಮಧ್ವೇಶ ಕೂರಲಿಲ್ಲ. ಹಿಂದಿನ ಬೆಂಚನ್ನೇ ನೋಡಿದ. ಬೈಯುವ ನೋಟವಲ್ಲ ಅದು, ಬೈದಿದ್ದರೆ ಚೆನ್ನಾಗಿತ್ತು. ತನ್ನ ಮನೆಯ ಬಾಗಿಲಿಗೆ ಬೇರೆಯವರ ಬೀಗ ಬಿದ್ದಿರುವುದನ್ನು ಕಂಡವನು ನೋಡುವ ಹಾಗೆ. ಆಮೇಲೆ ಚೀಲ ತೆಗೆದುಕೊಂಡು ಹೊರಗೆ ಹೋದ.

ಜಗದಾಳೆ ಸರ್ ಈಗ ಹಾಜರಿ ಕರೆಯುತ್ತಿದ್ದರು. ಮಧ್ವೇಶನ ಹೆಸರು ಹತ್ತಿರವಾಗುತ್ತಿದ್ದ ಹಾಗೆ ಅರ್ಧ ಕ್ಲಾಸು ತಿರುಗಿ ಸಿದ್ದಾರೂಢನನ್ನು ನೋಡಿತು. ‘ಡೈಲಾಗ್, ಡೈಲಾಗ್’ ಎಂದು ಯಾರೋ ಪಿಸುಗುಟ್ಟಿದರು. ಈಗ ಸುಮ್ಮನಿರಬೇಕು, ಎಂದುಕೊಂಡ. ಸುಮ್ಮನಿದ್ದರೆ ಕೆಂಪು ಬೀಳುತ್ತದೆ, ಮನೆಗೆ ಗೈರೆಂದು ಸಂದೇಶ ಹೋಗುತ್ತದೆ, ಬೆಳಿಗ್ಗೆ ಇದ್ದ ಮಗ ಮಧ್ಯಾಹ್ನ ಎಲ್ಲಿ ಹೋದ ಎಂದು ಕಾಕು ಕೇಳುತ್ತಾರೆ, ಬೆಳಿಗ್ಗೆ ಯಾರು ಓಗೊಟ್ಟರೆಂದು ಮ್ಯಾಡಮ್ ಕೇಳುತ್ತಾರೆ. ಕೇಳಲಿ, ಅದೇ ಸರಿ. ಹೆಸರು ಕರೆದರು. ‘ಯ… ಯೆಸ್ ಸರ್’ ಎಂದಿತು ಅವನ ಬಾಯಿ. ಕ್ಲಾಸು ಗೊಳ್ಳೆಂದಿತು. ಸರ್ ನಗುತ್ತ, ತಲೆಯೆತ್ತದೆ, ಹಸಿರು ಒತ್ತಿದರು. ನಿನ್ನೆ ಅರ್ಧಕ್ಕೆ ನಿಂತ ಪಾಠವನ್ನೇ ಮುಂದುವರಿಸುತ್ತ, ಒಬ್ಬ ಇನ್ನೊಬ್ಬನ ಪರವಾಗಿ ಮಾತಾಡುವ ಹಕ್ಕು ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಒಪ್ಪಿಗೆಯಿಂದ. ಕೊಟ್ಟ ಒಪ್ಪಿಗೆಯನ್ನು ಹಿಂದೆ ಪಡೆಯಬಹುದೇ? ಪಡೆಯಬಹುದು, ಪಡೆಯಲು ಬಾರದಿದ್ದರೆ ಅದು ಒಪ್ಪಿಗೆಯೇ ಅಲ್ಲ. ಹಿಂದೆ ಪಡೆದೆನೆಂದು ಅವನು ಹೇಳುವುದು ಹೇಗೆ? ‘ಅವನ ಬಾಯಿ ನಿಮ್ಮ ಹತ್ತಿರವೇ ಇದ್ದರೆ?’ ಎಂದು ಸರ್ ಕಣ್ಣು ಮಿಟುಕಿಸಿ ಕೇಳಿದರು. ಸಿದ್ದಾರೂಢ ಅಂಗೈಯಿಂದ ತನ್ನ ಬಾಯಿ ಮುಚ್ಚಿಕೊಂಡು ಕೂತಿದ್ದ. ಸು… ಸುಮ್ಮ ಕೂಡು. ಅವನು ಹೇಳಿದ್ದ. ಎಷ್ಟು ಕಷ್ಟಪಟ್ಟು ಹೇಳಿದ್ದ.

ಲ್ಯಾಬಿನಲ್ಲಿ ಅನುರಣನದ ಪ್ರಯೋಗ. ಉದ್ದನೆಯ ಗಾಜಿನ ಕೊಳವೆ, ಅದರೊಳಗೆ ಏರಿಸಿ ಇಳಿಸಬಹುದಾದ ನೀರು, ಕೊಳವೆಯ ಬಾಯಿಯ ಮೇಲೆ ಹಿಡಿಯಲು ಒಂದು ಶ್ರುತಿಕವಲು, ಅಂದರೆ ಟ್ಯೂನಿಂಗ್ ಫೋರ್ಕ್. ಕವಲನ್ನು ರಬ್ಬರಿಗೆ ಬಡಿದು ಹಿಡಿದರೆ, ನೀರು ಸರಿಯಾದ ಮಟ್ಟಕ್ಕೆ ಬಂದಾಗ ಖಾಲಿ ಕೊಳವೆ ತಟ್ಟನೆ ಹಾಡುತ್ತದೆ. ಇಬ್ಬರು ಬೇಕು, ಕವಲಿಗೊಬ್ಬ, ನೀರಿಗೊಬ್ಬ. ಕಳೆದ ವಾರ ನೀರು ಇಳಿಸುತ್ತಿದ್ದವನು ಮಧ್ವೇಶ. ಕಣ್ಣು ಮುಚ್ಚಿ ಕಿವಿಗೊಟ್ಟು ನಿಂತು, ‘ಇಲ್ಲೇ’ ಅಂದಿದ್ದ. ನೆಟ್ಟಗೆ, ಎಲ್ಲೂ ತಡೆಯದೆ. ಇಲ್ಲೇ. ಸಿದ್ದಾರೂಢ ಅದನ್ನು ಆಗಲೂ ಗಮನಿಸಿದ್ದ, ಆದರೆ ಅದು ನಕಲು ಮಾಡಲು ಬರುವಂಥದ್ದಲ್ಲವೆಂದು ಬಿಟ್ಟುಬಿಟ್ಟಿದ್ದ. ಇವತ್ತು ಒಬ್ಬನೇ ಒಂದು ಕೈಯಲ್ಲಿ ಕವಲು, ಇನ್ನೊಂದು ಕೈಯಲ್ಲಿ ನೀರು ಹಿಡಿದು ಒದ್ದಾಡುತ್ತಿದ್ದಾಗ, ತನ್ನ ಗಂಟಲೂ ಇಂಥದೇ ಒಂದು ಕೊಳವೆ ಎಂದುಕೊಂಡ. ಯಾರ ಕವಲು ಹತ್ತಿರ ತಂದರೂ ಹಾಡುತ್ತದೆ. ಒಳಗೆ ಏನೂ ಇಲ್ಲದ್ದರಿಂದ ಹಾಡುತ್ತದೆ. ಆಗ ಜೇಬಿನಲ್ಲಿ ಫೋನು ನಡುಗಿತು.

‘ಸಿದ್ದಾರೂಢ ಏನಪಾ? ನಾ ಇಂದೂ ಕಾಕು.’

‘ಹೌದ್ರಿ ಕಾಕು, ಹೇಳ್ರಿ.’

‘ಏನಿಲ್ಲೋ, ಸುಮ್ಮನs ಹಚ್ಚಿದೆ. ಮಧ್ವೇಶ ಫೋನ್ ಮನ್ಯಾಗs ಬಿಟ್ಟು ಹೋಗ್ಯಾನ. ಡಬ್ಬೀನೂ ಒಯ್ದಿಲ್ಲ. ರಾತ್ರಿ ಒಂದು ತುತ್ತು ಉಣಲಿಲ್ಲ, ಕೇಳಿದ್ರ ಮಾತಿಲ್ಲ. ಬೆಳಿಗ್ಗೆ ಕಾಲೇಜಿನ ಮೆಸೇಜ್ ಬಂತು ನೋಡು, ಹಾಜರ್ ಇದ್ದಾನಂತ, ಆಗ ಜೀವಾ ತಣ್ಣಗಾತು. ಈಗ ಮತ್ತ ಯಾಕೋ… ಅವ ನಿನ್ನ ಬಾಜೂ ಇದ್ದರ ಒಂದು ನಿಮಿಷ ಫೋನ್ ಕೊಡ್ತೀಯೇನು?’

ಈಗ ಹೇಳಬೇಕು, ಇದೇ ಜಾಗ. ಕಾಕು, ಅವ ಬಂದಿಲ್ಲ, ಓಗೊಟ್ಟದ್ದು ನಾನು. ಪಿಕ್ಚರಿನಲ್ಲಿ ಎಂಥೆಂಥ ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ಗಂಡಸರಿದ್ದಾರೆ. ‘ಕೊಡ್ತೀನ್ರಿ, ಇಲ್ಲೇ ಅದಾನ’ ಎಂದ ಸಿದ್ದಾರೂಢ. ಫೋನನ್ನು ಈ ಕಿವಿಯಿಂದ ತೆಗೆದು ಆ ಕಿವಿಗೆ ಹಿಡಿದ, ನಿಜವಾಗಿ ಇನ್ನೊಬ್ಬರ ಕೈಗೆ ಕೊಟ್ಟ ಹಾಗೆ. ನಡುವೆ ಒಂದು ಉಸಿರಿನಷ್ಟು ಹೊತ್ತಿತ್ತು, ಆ ಉಸಿರಿನಲ್ಲೂ ಬೇಡ ಎನ್ನಬಹುದಾಗಿತ್ತು.

‘ಅ… ಅಮ್ಮಾ.’

ಆ ಕಡೆ ಕುಕ್ಕರ್ ಒಮ್ಮೆ ಕೂಗಿತು.

‘ಊಟಾ ಮಾಡ್ತಿಯೇನೋ?’ ಎಂದರು ಕಾಕು, ನಿಧಾನವಾಗಿ.

‘ಮಾ… ಮಾಡ್ತೀನಿ.’

‘ಆತು’ ಎಂದರು. ಫೋನು ಇಟ್ಟರು.

ಏನು ಮಾಡಿದೆ? ಮೇಸ್ಟ್ರನ್ನು ಏಮಾರಿಸುವುದು ಬೇರೆ. ಇನ್ನು ಆಕೆ ಹುಡುಕುವುದಿಲ್ಲ. ಕುಕ್ಕರ್ ಇಳಿಸಿ, ಊಟ ಮಾಡಿ, ಮಗ ಉಂಡಿರುತ್ತಾನೆಂದು ಅಡ್ಡಾಗುತ್ತಾಳೆ. ಆ ಹೊತ್ತಿನಲ್ಲಿ ಅವನು ಎಲ್ಲೋ ಒಂದು ಕಡೆ, ಒಂದು ಸೇತುವೆಯ ಮೇಲೆ, ಒಂದು ಹಳಿಯ ಪಕ್ಕ… ಜಗತ್ತಿನಲ್ಲಿ ಅವನನ್ನು ಹುಡುಕಬಹುದಾಗಿದ್ದ ಒಬ್ಬಳೇ ಒಬ್ಬಳನ್ನು ನಾನು ಮಲಗಿಸಿಬಿಟ್ಟೆ. ಫೋನು ಮತ್ತೆ ನಡುಗಿತು. ಇಂದೂ ಕಾಕು. ಎತ್ತಲಿಲ್ಲ. ಎತ್ತಿದರೆ ಮತ್ತೆ ಅವನಿಗೆ ಕೊಡು ಎನ್ನುತ್ತಾರೆ, ಮತ್ತೆ ಬಾಯಿ ಅದನ್ನೇ ಮಾಡುತ್ತದೆ. ಫೋನು ನಿಂತಿತು, ಮತ್ತೆ ಶುರುವಾಯಿತು. ಅವನು ಕವಲನ್ನು ಹಿಡಿದುಕೊಂಡೇ ದೀಪಾಲಿ ಮ್ಯಾಡಮ್ಮಿನ ಮೇಜಿನ ಹತ್ತಿರ ಓಡಿದ.

‘ಮ್ಯಾಡಮ್, ಮಧ್ವೇಶ ಇವತ್ತು ಬಂದಿಲ್ಲ’ ಎಂದ ಮರಾಠಿಯಲ್ಲಿ.

ಮ್ಯಾಡಮ್ ಫೋನು ನೋಡಿದರು. ‘ಬೆಳಿಗ್ಗೆ ಇದ್ದನಲ್ಲ. ರಾಜ್ಯಶಾಸ್ತ್ರಕ್ಕೂ ಇದ್ದಾನೆ.’

‘ಅದು ನಾನು ಮ್ಯಾಡಮ್. ಅವನ ದನಿಯಲ್ಲಿ ನಾನೇ ಹೇಳಿದ್ದು. ದಿನಾ ನಾನೇ. ಅವನು ಮನೆಯಲ್ಲೂ ಇಲ್ಲ, ಏನಾದರೂ ಮಾಡಿಕೊಂಡರೆ ಅಂತ ನನಗೆ…’ ದನಿ ಒಡೆಯಿತು. ಒಡೆದ ದನಿ ಅವನ ಕಿವಿಗೇ ಎಲ್ಲೋ ಕೇಳಿದ ಹಾಗಿತ್ತು. ಯಾವ ಪಿಕ್ಚರು, ಯಾವ ಕ್ಲೈಮ್ಯಾಕ್ಸು? ಹಿಂದೆ ಅಮೇಯ ಚಪ್ಪಾಳೆ ಬಡಿದ. ಇಬ್ಬರು ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಮ್ಯಾಡಮ್ಮಿನ ತುಟಿಯ ಅಂಚೂ ಅಲುಗಿತು, ಕೂಡಲೇ ಗಟ್ಟಿಯಾಯಿತು.

‘ಪುರೇ ಆತಾ, ಸಾಕು ಇನ್ನು. ನಿನ್ನೆ ಸರ್ ಕ್ಲಾಸು, ಇವತ್ತು ನನ್ನ ಲ್ಯಾಬು. ಯಾವುದಕ್ಕೆ ತಮಾಷೆ ಮಾಡಬೇಕು, ಯಾವುದಕ್ಕೆ ಮಾಡಬಾರದು ಗೊತ್ತಾಗುವುದಿಲ್ಲವೇ? ಹೋಗು, ಹೊರಗೆ ನಿಲ್ಲು.’

ಹೊರಗೆ ನಿಲ್ಲಲಿಲ್ಲ, ಓಡಿದ. ಸ್ವಾರಗೇಟದ ಬಸ್ಸಿನಲ್ಲಿ ಕಂಬಿಗೆ ಜೋತುಬಿದ್ದಾಗ ಜೇಬಿನಲ್ಲಿ ಏನೋ ತೊಡೆಗೆ ಚುಚ್ಚಿತು. ಶ್ರುತಿಕವಲು, ಹಾಗೇ ತಂದುಬಿಟ್ಟಿದ್ದ. ಡ್ರೈವರ್ ಬ್ರೇಕ್ ಹಾಕಿದ. ಜನ ಮುಂದೆ ಮುಗ್ಗರಿಸಿದರು, ಒಬ್ಬರನ್ನೊಬ್ಬರು ತಳ್ಳಿದರು, ತಳ್ಳಿದೆಯೆಂದು ಬೈದಾಡಿದರು. ಯಾರೂ ತಳ್ಳಿರಲಿಲ್ಲ. ಕಿಟಕಿಯ ಹೊರಗೆ ರಸ್ತೆಯ ಬದಿ ನಿಂತ ಒಬ್ಬೊಬ್ಬ ಹುಡುಗನೂ ಮಧ್ವೇಶನಾಗಿ, ಬಸ್ಸು ಹತ್ತಿರವಾದಾಗ ಬೇರೆ ಯಾರೋ ಆಗುತ್ತಿದ್ದ.

ಸ್ಟ್ಯಾಂಡಿನಲ್ಲಿ ಅವನು ಹೇಳಿದ್ದು ಖರೆ, ಎಲ್ಲರೂ ಒದರುತ್ತಿದ್ದರು. ಸಾತಾರಾ, ಕರಾಡ, ಕೊಲ್ಲಾಪುರ, ಸಾಂಗಲಿ. ಊರುಗಳ ಹೆಸರು ಗಾಳಿಯಲ್ಲಿ ಡಿಕ್ಕಿ ಹೊಡೆಯುತ್ತಿದ್ದವು. ಇಲ್ಲಿ ನಿಂತು ಅವನು ಮಾತು ರೂಢಿಸಿಕೊಳ್ಳುತ್ತಿದ್ದ, ಈ ಕಂಬದ ಹತ್ತಿರವೋ, ಆ ಮೂತ್ರದ ವಾಸನೆಯ ಗೋಡೆಯ ಹತ್ತಿರವೋ. ಸಿದ್ದಾರೂಢ ಒಂದೊಂದು ಬಸ್ಸಿನ ಹಿಂದೆಯೂ ಇಣುಕಿದ, ಚೀಲಗಳ ಮೇಲೆ ತಲೆಯಿಟ್ಟು ಮಲಗಿದವರ ಮುಖ ಬಗ್ಗಿ ನೋಡಿ ಬೈಸಿಕೊಂಡ. ಚಹಾದಂಗಡಿಯವನನ್ನು ಕೇಳಿದ. ‘ಒಬ್ಬ ಹುಡುಗ, ದಿನಾ ಸಂಜೆ ಬರ್ತಾನೆ…’

‘ದಿಸಾಯ್ಲಾ ಕಸಾ ಆಹೇ?’ ನೋಡಲು ಹೇಗಿದ್ದಾನೆ ಎಂದ ಚಹಾದವ, ಬಟ್ಟಲು ತೊಳೆಯುತ್ತ.

ಹೇಗಿದ್ದಾನೆ? ಸಿದ್ದಾರೂಢ ತಡಕಾಡಿದ. ಎತ್ತರವೇ? ಇದ್ದಿರಬೇಕು. ಕನ್ನಡಕವಿದೆಯೇ? ಇಲ್ಲ, ಓದುವಾಗ ಇದೆಯೇನೋ. ಅವನಿಗೆ ಗೊತ್ತಿದ್ದದ್ದು ಮುಂದಿನ ಬೆಂಚಿನ ಒಂದು ಬೆನ್ನು, ಕತ್ತಿನ ಹಿಂದಿನ ಒಂದು ಸುಳಿ, ಮತ್ತೆ ಆ ದನಿ. ‘ಅವನು ಹೀಗೆ ಮಾತಾಡ್ತಾನೆ’ ಎಂದ. ಎಂದವನೇ, ಬೇರೆ ದಾರಿ ಕಾಣದೆ, ಕತ್ತಿನ ನರ ಬಿಗಿದು, ತುಟಿ ನಡುಗಿಸಿ, ಮಧ್ವೇಶನಾಗಿ ನಿಂತು ತೋರಿಸಿದ. ಚಹಾದವ ಬಟ್ಟಲು ಕೆಳಗಿಟ್ಟು ಪಕ್ಕದವನನ್ನು ಕರೆದು, ‘ಏ, ಬಘ್ ಬಘ್, ಭಾರೀ ಕರತೋಯ್!’ ನೋಡು, ಭಾರೀ ಮಾಡ್ತಾನೆ ಎಂದು ಮೆಚ್ಚಿ ನಕ್ಕ. ಸಿದ್ದಾರೂಢ ಪ್ಲಾಟ್‌ಫಾರ್ಮಿನ ನಡುವೆ ಹೋಗಿ ನಿಂತು, ಎರಡೂ ಕೈ ಬಾಯಿಗೆ ಹಿಡಿದು, ‘ಮಧ್ವೇಶಾ!’ ಎಂದು ಒದರಿದ. ಕರಾಡ, ಕೊಲ್ಲಾಪುರ. ಮತ್ತೆ ಒದರಿದ. ಯಾರೂ ತಿರುಗಿ ನೋಡಲಿಲ್ಲ.

ಕೋಥರೂಡಕ್ಕೆ ಬಂದಾಗ ದೀಪ ಹಚ್ಚುವ ಹೊತ್ತು. ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಸ್ಕೂಟರುಗಳು ಒಂದರ ಮಗ್ಗುಲಿಗೆ ಒಂದು ಸೇರಿಕೊಳ್ಳುತ್ತಿದ್ದವು. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತುತ್ತ ಅವನು ಹೇಳಬೇಕಾದದ್ದನ್ನು ಕಟ್ಟಿಕೊಂಡ. ಕಾಕು, ನಾ ತಪ್ಪು ಮಾಡೀನ್ರಿ. ಇಲ್ಲ, ಇದು ಸೀರಿಯಲ್ಲು. ಕಾಕು, ನನ್ನ ಕೊಂದಬಿಡ್ರಿ. ಇದು ಅದಕ್ಕಿಂತ ಹೊಲಸು. ಯಾವ ಮಾತು ಎತ್ತಿಕೊಂಡರೂ ಅದರ ಮೇಲೆ ಯಾರದೋ ಎಂಜಲಿತ್ತು. ಬಾಗಿಲು ತೆರೆದೇ ಇತ್ತು. ಇಂದೂ ಕಾಕು ಹೊಸ್ತಿಲ ಒಳಗೆ ನಿಂತಿದ್ದರು. ಕೈಯಲ್ಲಿ ಎರಡು ಫೋನು, ತಮ್ಮದೊಂದು, ಮಗ ಬಿಟ್ಟುಹೋದದ್ದೊಂದು.

‘ಬಂದ್ಯಾ’ ಎಂದರು. ‘ಎಷ್ಟು ಸಲ ಹಚ್ಚಿದೆನೋ ನಿನಗ. ಅವನ ಅಪ್ಪಾ ಪೊಲೀಸ್ ಚೌಕಿಗೆ ಹೋಗ್ಯಾರ, ಫೋಟೋ ತಗೊಂಡು.’

ಚೌಕಿ. ಹಾಗಾದರೆ ಹುಡುಕುತ್ತಿದ್ದಾರೆ. ‘ಕಾಕು, ಮಧ್ಯಾಹ್ನ ಫೋನಿನ್ಯಾಗ ಮಾತಾಡಿದ್ದು…’

‘ಗೊತ್ತದ. ನೀನs ಅದು.’

‘ಹೆಂಗ್ರಿ…’

‘ನನ್ನ ಮಗಾ ನನ್ನ ಮುಂದ ತೊದಲಂಗಿಲ್ಲಪಾ’ ಎಂದರು ಇಂದೂ ಕಾಕು. ‘ಹುಟ್ಟಿದಾಗಿಂದ ಒಮ್ಮೆನೂ ತೊದಲಿಲ್ಲ. ಅವ ಅಮ್ಮಾ ಅಂದ್ರ ಅಮ್ಮಾ ಅಂತಾನ.’

ಗೋಡೆಯ ಮೇಲೆ ಗಣಪತಿಯ ಟೈಲ್ಸು, ಅದರ ಕೆಳಗೆ ಚಪ್ಪಲಿಯ ಸ್ಟ್ಯಾಂಡು. ಸಿದ್ದಾರೂಢ ಅವುಗಳನ್ನೇ ನೋಡಿದ. ಈ ಬಾಗಿಲಿನೊಳಗೆ ಇಷ್ಟು ದಿನ ಒಬ್ಬ ಹುಡುಗ ಸಲೀಸಾಗಿ, ತಡೆಯಿಲ್ಲದೆ, ಪಲ್ಯಕ್ಕೆ ಉಪ್ಪು ಕಡಿಮೆಯಾಯಿತೆಂದೂ ಬನಿಯನ್ ಎಲ್ಲಿಟ್ಟೆಯೆಂದೂ ಮಾತಾಡಿಕೊಂಡಿದ್ದ. ಆ ಹುಡುಗನನ್ನು ತಾನು ಒಮ್ಮೆಯೂ ಭೇಟಿಯಾಗಿಲ್ಲ. ತನ್ನ ನಾಲಿಗೆಯ ಮೇಲಿದ್ದದ್ದು ಮಧ್ವೇಶನೇ ಅಲ್ಲ, ನೂರು ಜನರ ಮುಂದೆ ನಿಲ್ಲಿಸಿದಾಗ ಅವನಿಗಾಗುವ ಹೆದರಿಕೆ. ಅದನ್ನೇ ದಿನಾ ಬೆಳಿಗ್ಗೆ ಎತ್ತಿ ತೋರಿಸಿ ತಾನು ಅವನ ಹೆಸರಿಟ್ಟಿದ್ದ.

‘ಅಮ್ಮಾ ಅಂತ ನೀ ಅಂದ ಕೂಡ್ಲೇ ಎದಿ ಧಸಕ್ ಅಂತು’ ಕಾಕು ಹೇಳುತ್ತಿದ್ದರು. ‘ಅವ ಅಲ್ಲಿಲ್ಲಾ ಅಂತ ಆಗs ತಿಳೀತು. ಆದ್ರೂ ಊಟಾ ಮಾಡ್ತಿಯೇನು ಅಂತ ಕೇಳಿದೆ. ಈಗರೆ ಖರೆ ಹೇಳ್ತಾನೇನೋ ಅಂತ. ನೀ ಮಾಡ್ತೀನಿ ಅಂದಿ.’ ಅವರ ದನಿ ಏರಲಿಲ್ಲ. ‘ಅದಾದ ಮ್ಯಾಲೆ ಹಚ್ಚಿದ್ದು ನಿನ್ನ ಬೈಲಿಕ್ಕಲ್ಲೋ. ನಿನ್ನಿ ಅಲ್ಲೆ ಏನಾತು ಅಂತ ಕೇಳ್ಲಿಕ್ಕೆ. ಅದು ಗೊತ್ತಾದ್ರ ಎಲ್ಲೆ ಹೋಗ್ಯಾನ ಅಂತ ನನಗ ಗೊತ್ತಾಗ್ತಿತ್ತು. ಮಧ್ಯಾಹ್ನದಿಂದ ಹೊತ್ತು ಹೋತು ನೋಡು. ಈಗ ಹೇಳು. ನಿನ್ನಿ ಏನಾತು?’

ಹೇಳಬೇಕೆಂದೇ ಬಂದಿದ್ದ. ಬಾಯಿ ತೆರೆದ. ‘ನಿ…’ ಎಂದ. ಮುಂದಿನದು ಬರಲಿಲ್ಲ. ಶಬ್ದ ಅಲ್ಲೇ ಇತ್ತು, ನಿನ್ನೆ, ಸಣ್ಣ ಶಬ್ದ, ನಾಲಿಗೆಯ ಹಿಂದೆಯೇ. ನೂಕಿದ. ‘ನಿ… ನಿ…’

ಕಾಕುವಿನ ಮುಖ ಬಿಳಿಚಿತು. ಫೋನು ಹಿಡಿದ ಕೈ ಮೇಲಕ್ಕೆದ್ದಿತು. ‘ಇನ್ನs ನಕಲ್ ಮಾಡ್ತೀಯೇನೋ? ನನ್ನ ಬಾಗ್ಲಾಗ ನಿಂತು? ಇವತ್ತ?’

ಅಲ್ಲ ಎಂದು ತಲೆಯಲ್ಲಾಡಿಸಿದ. ಅಲ್ಲ, ಅಲ್ಲ. ಕಂಡಕ್ಟರ್ ಬರಲಿಲ್ಲ, ವಿಲನ್ ಬರಲಿಲ್ಲ, ಸಾಲಾಗಿ ನಿಂತಿದ್ದ ಅಷ್ಟೂ ಜನ ಎಲ್ಲಿಗೋ ಎದ್ದುಹೋಗಿದ್ದರು. ಗಂಟಲು ತನ್ನದೇ, ಸಿಕ್ಕಿಕೊಂಡದ್ದೂ ತನ್ನದೇ. ಕತ್ತಿನ ನರ ಉಬ್ಬಿ ನೋಯತೊಡಗಿತು. ಹೀಗೆ ನೋಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಇಷ್ಟು ದಿನದ ನಕಲಿನಲ್ಲಿ ಒಮ್ಮೆಯೂ ನೋವಾಗಿರಲಿಲ್ಲ.

ಎತ್ತಿದ ಕೈ ಅಲ್ಲೇ ನಿಂತಿತು. ಕಾಕು ಅವನ ಕತ್ತನ್ನು ನೋಡಿದರು, ತುಟಿಯನ್ನು ನೋಡಿದರು. ಅವರಿಗೆ ಇದು ಗೊತ್ತಿತ್ತು. ಯಾವುದು ನಕಲು, ಯಾವುದಲ್ಲ ಎಂಬುದನ್ನು ಈ ಊರಿನಲ್ಲಿ ಬಲ್ಲವರು ಅವರೊಬ್ಬರೇ. ಕೈ ಇಳಿಯಿತು. ಕಣ್ಣಿನಲ್ಲಿದ್ದ ಸಿಟ್ಟು ಹಾಗೇ ಇತ್ತು, ಆದರೂ ಅವರು ನಿಧಾನವಾಗಿ ಹೊಸ್ತಿಲ ಮೇಲೆ ಕೂತರು. ಅವನ ಬಾಯಿಯ ಕಡೆ ನೋಡದೆ ನೆಲದ ಮೇಲೆ ದೃಷ್ಟಿಯಿಟ್ಟರು. ಮಗ ಹೊರಗಿನವರೊಡನೆ ತಡವರಿಸುವಾಗ ಪಕ್ಕದಲ್ಲಿ ನಿಂತ ಎಷ್ಟೋ ವರ್ಷದ ರೂಢಿ ಇರಬೇಕು ಅದು.

‘ಆತು. ಸಾವಕಾಶ ಹೇಳು’ ಎಂದರು. ‘ನಾ ಎಲ್ಲೂ ಹೋಗಂಗಿಲ್ಲ.’

ಕೆಳಗೆಲ್ಲೋ ಲಿಫ್ಟಿನ ಬಾಗಿಲು ಮುಚ್ಚಿದ ಸದ್ದಾಯಿತು. ತಂತಿ ಗುಂಯ್‌ಗುಟ್ಟಿತು. ಇಬ್ಬರೂ ಆ ಕಡೆ ತಿರುಗಿದರು. ಲಿಫ್ಟು ಏರಿತು, ಹತ್ತಿರ ಬಂತು, ಅದರ ಬೆಳಕು ಜಾಲರಿಯ ಸಂದಿನಿಂದ ಅವರ ಮೇಲೆ ಒಮ್ಮೆ ಹಾದು, ನಿಲ್ಲದೆ ಮೇಲಿನ ಮಹಡಿಗೆ ಹೋಯಿತು. ಇಂದೂ ಕಾಕು ಮತ್ತೆ ನೆಲದ ಕಡೆ ದೃಷ್ಟಿ ತಂದು ಕಾದರು.

‘ನಿ…’ ಎಂದ ಸಿದ್ದಾರೂಢ.